ವೀಸಾ 2 ವರ್ಷಕ್ಕೆ, ಇರಲು ಬಿಡುವುದು 90 ದಿನ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರ ಮಾತಿಗೆ ಒಮ್ಮೆ ಕಿವಿಗೊಟ್ಟು ನೋಡಿ. ಮೊದಲು ಮಂಡಿನೋವಿನ ಸುದ್ದಿ, ಆಮೇಲೆ ಸಕ್ಕರೆ ಕಾಯಿಲೆಯದು, ಮೂರನೆಯದು ವೀಸಾ. 'ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಜೂನ್‌ನಲ್ಲಿ ಹೆರಿಗೆ', 'ಮಗ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನಾಲ್ಕು ವರ್ಷವಾಯಿತು', 'ಮೊಮ್ಮಗನ ಹುಟ್ಟುಹಬ್ಬಕ್ಕೆ ನ್ಯೂಜೆರ್ಸಿಗೆ ಹೊರಟಿದ್ದೇವೆ'. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಯಾವ ಬಡಾವಣೆಗೆ ಹೋದರೂ ಬೀದಿಗೆ ನಾಲ್ಕು ಮನೆಯಲ್ಲಾದರೂ ಇದೇ ಮಾತು.

ಮೊದಲ ಸಲ ಹೋಗುವಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ. ಕಾಗದ ಪತ್ರ ಜೋಡಿಸಿ, ಮಕ್ಕಳು ಹೇಳಿದಂತೆ ಸಹಿ ಮಾಡಿ, ಹೋಗಿ ಬರುತ್ತಾರೆ. ತೊಡಕು ಶುರುವಾಗುವುದು ಎರಡನೆಯ, ಮೂರನೆಯ ಸಲ. 'ವೀಸಾ ಇನ್ನೂ ಇದೆಯಲ್ಲ, ಟಿಕೆಟ್ ತೆಗೆದುಕೊಂಡರಾಯಿತು' ಎಂಬ ಧೈರ್ಯ ಬರುತ್ತದೆ. ವೀಸಾದ ತಾರೀಖು ಬೇರೆ, ಅಲ್ಲಿ ಇರಬಹುದಾದ ದಿನಗಳ ಸಂಖ್ಯೆ ಬೇರೆ ಎಂಬುದು ಆಗ ಮರೆತುಹೋಗುತ್ತದೆ. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿ ಇರಬೇಕಾದ ತಾಯಿಯ ದಿನಗಳು ಅದಕ್ಕೆ ಮೊದಲೇ ಖರ್ಚಾಗಿ ಹೋಗಿದ್ದರೆ ಏನು ಮಾಡುವುದು? ದುಡ್ಡಾದರೆ ಸಾಲ ತರಬಹುದು. ದಿನಗಳನ್ನು ಯಾರೂ ಸಾಲ ಕೊಡುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಜಮಾ, ಖರ್ಚು ಬರೆದೇ ನಾನು ನಿವೃತ್ತನಾದವನು. ಈ ವೀಸಾ ದಿನಗಳ ವಿಷಯವೂ ಒಂದು ಪಾಸ್‌ಬುಕ್ಕಿನಂತೆಯೇ ಇದೆ. ಕೂಡುವುದು, ಕಳೆಯುವುದು ಬಂದರೆ ಸಾಕು. ಮನೆಯಲ್ಲಿ ಐದನೆಯ ಕ್ಲಾಸಿನ ಮೊಮ್ಮಗಳಿದ್ದರೆ ಅವಳೇ ನಿಮ್ಮ ಲೆಕ್ಕಪರಿಶೋಧಕಿ ಆಗಬಹುದು.

ಲೈಬ್ರರಿ ಕಾರ್ಡು ಮತ್ತು ಪುಸ್ತಕ

ಮಕ್ಕಳೇ, ನಿಮಗೆ ಲೈಬ್ರರಿಯ ಸದಸ್ಯತ್ವದ ಕಾರ್ಡು ಇದೆ ಎಂದಿಟ್ಟುಕೊಳ್ಳಿ. ಕಾರ್ಡಿನ ಅವಧಿ ಒಂದು ವರ್ಷ. ಆದರೆ ಒಂದು ಪುಸ್ತಕವನ್ನು ಮನೆಯಲ್ಲಿ 15 ದಿನ ಮಾತ್ರ ಇಟ್ಟುಕೊಳ್ಳಬಹುದು. 'ಕಾರ್ಡು ಒಂದು ವರ್ಷ ಇದೆ, ಆದ್ದರಿಂದ ಪುಸ್ತಕವನ್ನೂ ಒಂದು ವರ್ಷ ಇಟ್ಟುಕೊಳ್ಳುತ್ತೇನೆ' ಎಂದರೆ ಲೈಬ್ರರಿಯವರು ಒಪ್ಪುತ್ತಾರೆಯೇ?

ವೀಸಾ ಎಂದರೆ ಆ ಕಾರ್ಡು. ಅದರ ಮೇಲೆ ಬರೆದ 'ಇಂದಿನಿಂದ ಇಂದಿನವರೆಗೆ' ಎಂಬುದು ಯಾವ ತಾರೀಖುಗಳ ನಡುವೆ ಬಾಗಿಲು ತೆರೆದಿರುತ್ತದೆ ಎಂದು ಹೇಳುತ್ತದೆ. ಒಳಗೆ ಹೋದ ಮೇಲೆ ಎಷ್ಟು ದಿನ ಇರಬಹುದು ಎಂಬುದು ಬೇರೆ ಅಂಕಣ. ಯುರೋಪಿನ ವೀಸಾ ಚೀಟಿಯಲ್ಲಿ ಈ ಎರಡೂ ಅಂಕಣಗಳು ಬೇರೆ ಬೇರೆಯಾಗಿಯೇ ಇವೆ. ಮೂರನೆಯ ಅಂಕಣವೂ ಒಂದಿದೆ. ಎಷ್ಟು ಸಲ ಒಳಗೆ ಹೋಗಬಹುದು ಎಂದು ಅದು ಹೇಳುತ್ತದೆ. ಅಲ್ಲಿ 1 ಎಂದಿದ್ದರೆ ಒಮ್ಮೆ ಹೊರಬಂದ ಮೇಲೆ ಮತ್ತೆ ಹೋಗುವಂತಿಲ್ಲ, ವೀಸಾದ ತಾರೀಖು ಬಾಕಿ ಇದ್ದರೂ ಇಲ್ಲ. 'ಮಲ್ಟ್' ಎಂದಿದ್ದರೆ ಹಲವು ಸಲ ಹೋಗಿ ಬರಬಹುದು. ವೀಸಾ ಕೈಗೆ ಬಂದ ದಿನವೇ ಕನ್ನಡಕ ಹಾಕಿಕೊಂಡು ಈ ಮೂರು ಅಂಕಣಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ.

ಷೆಂಗೆನ್ ಎಂಬ ಪುಟ್ಟ ಊರು

ಯುರೋಪಿನ ವೀಸಾಕ್ಕೆ 'ಷೆಂಗೆನ್ ವೀಸಾ' ಎಂದು ಹೆಸರು. ಷೆಂಗೆನ್ ಎಂಬುದು ಲಕ್ಸಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಡದಲ್ಲಿರುವ ಒಂದು ಹಳ್ಳಿ. ಫ್ರಾನ್ಸ್, ಜರ್ಮನಿ, ಲಕ್ಸಂಬರ್ಗ್ ಮೂರೂ ದೇಶಗಳ ಗಡಿ ಅಲ್ಲಿ ಕೂಡುತ್ತದೆ. 1985ರ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಅಲ್ಲಿ ನದಿಯ ಮೇಲೆ ಒಂದು ಹಡಗಿನಲ್ಲಿ ಕುಳಿತು, ನಮ್ಮ ನಮ್ಮ ನಡುವಿನ ಗಡಿಯಲ್ಲಿ ತಪಾಸಣೆ ಬೇಡ ಎಂಬ ಒಪ್ಪಂದಕ್ಕೆ ಸಹಿ ಹಾಕಿದರು. ಆ ಐದು ದೇಶಗಳು ಈಗ 29 ಆಗಿವೆ. ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿ 1ರಿಂದ ಪೂರ್ತಿಯಾಗಿ ಸೇರಿಕೊಂಡವು.

ಇದರಿಂದ ನಮಗೊಂದು ಅನುಕೂಲವಿದೆ, ಒಂದು ಕಟ್ಟುಪಾಡೂ ಇದೆ. ಒಂದೇ ವೀಸಾದಲ್ಲಿ ಮಗಳ ಮನೆ ಜರ್ಮನಿಯಿಂದ ಪ್ಯಾರಿಸ್‌ಗೂ ಹೋಗಬಹುದು, ರೋಮ್‌ಗೂ ಹೋಗಬಹುದು, ಇದು ಅನುಕೂಲ. 29 ದೇಶಗಳಿಗೂ ಸೇರಿ ಲೆಕ್ಕ ಒಂದೇ, ಇದು ಕಟ್ಟುಪಾಡು. ಜರ್ಮನಿಯಲ್ಲಿ 60 ದಿನ, ಇಟಲಿಯಲ್ಲಿ 30 ದಿನ ಇದ್ದರೆ ಒಟ್ಟು 90 ಮುಗಿಯಿತು. 'ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ವಾರ ಇದ್ದು ಬಂದರೆ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಿಟ್ಜರ್ಲೆಂಡ್, ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಷೆಂಗೆನ್ನಿನ ಒಳಗಿವೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಷೆಂಗೆನ್ನಿನ ಹೊರಗಿದೆ. ಬ್ರಿಟನ್ ಎರಡರಲ್ಲೂ ಇಲ್ಲ. ಲಂಡನ್ನಿನಲ್ಲಿ ಕಳೆದ ದಿನಗಳು ಷೆಂಗೆನ್ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅಲ್ಲಿಗೆ ಬೇರೆ ವೀಸಾ ಬೇಕು.

180 ದಿನಗಳ ಪಾಸ್‌ಬುಕ್

ನಿಯಮ ಒಂದೇ ವಾಕ್ಯದ್ದು: ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಈಗಿನ ರೀತಿಯಲ್ಲಿ ಎಣಿಸುವ ಕ್ರಮ ಜಾರಿಗೆ ಬಂದದ್ದು 2013ರ ಅಕ್ಟೋಬರ್ 18ರಿಂದ. ಅದರಲ್ಲಿ 'ಯಾವುದೇ' ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಜನವರಿಯಿಂದ ಜೂನ್ ಒಂದು ಕಂತು, ಜುಲೈಯಿಂದ ಡಿಸೆಂಬರ್ ಇನ್ನೊಂದು ಕಂತು ಎಂದು ಇಲ್ಲಿ ಎಣಿಸುವುದಿಲ್ಲ. ನೀವು ಅಲ್ಲಿರುವ ಪ್ರತಿ ದಿನವೂ ಹಿಂತಿರುಗಿ ನೋಡಬೇಕು. ಇಂದಿನ ದಿನವನ್ನೂ ಸೇರಿಸಿ ಹಿಂದಿನ 180 ದಿನಗಳಲ್ಲಿ ಎಷ್ಟು ದಿನ ಇದ್ದೆ? ಉತ್ತರ 90 ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಪಾಸ್‌ಬುಕ್ಕಿನ ಭಾಷೆಯಲ್ಲಿ ಹೇಳುವುದಾದರೆ ನಿಮ್ಮ ಖಾತೆಯಲ್ಲಿ 90 ದಿನ ಇದೆ. ಅಲ್ಲಿ ಇದ್ದ ಒಂದೊಂದು ದಿನಕ್ಕೂ ಒಂದೊಂದು ದಿನ ಖರ್ಚು ಬೀಳುತ್ತದೆ. ಖರ್ಚಾದ ಆ ದಿನವೇ 180 ದಿನ ಕಳೆದ ಮೇಲೆ ತಾನಾಗಿ ಮತ್ತೆ ಖಾತೆಗೆ ಜಮಾ ಆಗುತ್ತದೆ. ಎಲ್ಲವೂ ಒಟ್ಟಿಗೆ ಜಮಾ ಆಗುವುದಿಲ್ಲ. ಖರ್ಚಾದ ಕ್ರಮದಲ್ಲೇ, ದಿನಕ್ಕೆ ಒಂದರಂತೆ ವಾಪಸು ಬರುತ್ತದೆ.

ಮೂರು ಸಣ್ಣ ಎಚ್ಚರಿಕೆಗಳು. ಒಂದು, ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ರಾತ್ರಿ 11 ಗಂಟೆಗೆ ಇಳಿದರೂ ಒಂದು ದಿನ ಪೂರ್ತಿ ಖರ್ಚು. ಎರಡು, ಎಣಿಕೆ ಶುರುವಾಗುವುದು ಬೆಂಗಳೂರಿನಲ್ಲಿ ವಿಮಾನ ಹತ್ತಿದಾಗ ಅಲ್ಲ, ಷೆಂಗೆನ್ನಿನ ಮೊದಲ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕೌಂಟರ್ ದಾಟಿದಾಗ. ಹಿಂತಿರುಗುವಾಗಲೂ ಆ ಕೌಂಟರ್ ದಾಟಿದ ದಿನವೇ ಕೊನೆಯ ದಿನ. ಕೊನೆಯ ದಿನ ಮಧ್ಯರಾತ್ರಿ ಕಳೆದ ಮೇಲೆ ಕೌಂಟರಿಗೆ ಹೋದರೆ ಅದು ಮರುದಿನದ ಲೆಕ್ಕ. ಮೂರು, ಮೂರು ತಿಂಗಳು ಎಂದರೆ 90 ದಿನ ಅಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೂಡಿಸಿ ನೋಡಿ: 31, 31, 30, ಒಟ್ಟು 92. 'ಮೂರು ತಿಂಗಳಿಗೆ ಟಿಕೆಟ್ ಮಾಡಿಸು' ಎಂದು ಹೇಳಿದವರು ಎರಡು ದಿನ ಹೆಚ್ಚಾಗಿ ಉಳಿದುಬಿಡುತ್ತಾರೆ.

ಬಾಣಂತನದ ಲೆಕ್ಕ

ಈಗ ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ ಒಂದು ಲೆಕ್ಕ ಮಾಡೋಣ. ಸರಸ್ವತಿಪುರಂನ ಒಬ್ಬ ಅಜ್ಜಿ ಎಂದಿಟ್ಟುಕೊಳ್ಳಿ. ಹಲವು ಸಲ ಹೋಗಿ ಬರುವ ವೀಸಾ ಇದೆ, 90 ದಿನಗಳ ಅವಕಾಶ ಇದೆ. 2026ರ ಫೆಬ್ರವರಿ 1ರಂದು ಜರ್ಮನಿಯ ಮಗಳ ಮನೆಗೆ ಹೋಗಿ ಮಾರ್ಚ್ 12ರಂದು ಹೊರಟು ಬಂದರು. ಮಾರ್ಚ್ 19ರ ಯುಗಾದಿಗೆ ಮೈಸೂರಿನಲ್ಲಿ ಇರಬೇಕಿತ್ತು. ಫೆಬ್ರವರಿಯ 28, ಮಾರ್ಚ್‌ನ 12, ಒಟ್ಟು 40 ದಿನ ಖರ್ಚು. ಬಾಕಿ 50.

ಮಗಳಿಗೆ ಜೂನ್ 25ಕ್ಕೆ ದಿನ ಕೊಟ್ಟಿದ್ದಾರೆ. ಹೆರಿಗೆಗೆ ಹದಿನೈದು ದಿನ ಮೊದಲೇ ಜೊತೆಗಿರಬೇಕು ಎಂದು ತಾಯಿಯ ಮನಸ್ಸು. ಅಜ್ಜಿ ಜೂನ್ 10ಕ್ಕೆ ಅಲ್ಲಿ ಇಳಿದರು ಎನ್ನಿ. ಬಾಕಿ ಇದ್ದ 50 ದಿನಗಳು ಜೂನ್‌ನಲ್ಲಿ 21, ಜುಲೈನಲ್ಲಿ 29 ಎಂದು ಮುಗಿಯುತ್ತವೆ. ಜುಲೈ 29ಕ್ಕೆ ಅವರು ಹೊರಡಲೇಬೇಕು. ಆಗ ಮಗುವಿಗೆ ಐದು ವಾರ. ಎಣ್ಣೆ ನೀರು, ಕಷಾಯ, ಬಾಣಂತಿಯ ಪಥ್ಯ ಎಲ್ಲ ಅರ್ಧಕ್ಕೇ ನಿಲ್ಲುತ್ತದೆ.

ಅದೇ ಅಜ್ಜಿ ಒಂದೇ ಒಂದು ದಿನ ತಡೆದು ಜೂನ್ 11ಕ್ಕೆ ಇಳಿದರೆ? ಜುಲೈ 30ಕ್ಕೆ ಅವರ ಎರಡನೆಯ ಪ್ರವಾಸದ 50 ದಿನ, ಹಳೆಯ 40, ಸೇರಿ ಸರಿಯಾಗಿ 90. ಜುಲೈ 31ರಿಂದ ಹಿಂದಕ್ಕೆ 180 ದಿನ ಎಣಿಸಿದರೆ ಎಣಿಕೆ ಫೆಬ್ರವರಿ 2ಕ್ಕೆ ನಿಲ್ಲುತ್ತದೆ. ಫೆಬ್ರವರಿ 1 ಲೆಕ್ಕದಿಂದ ಹೊರಗೆ ಹೋಯಿತು! ಹೊಸದಾಗಿ ಒಂದು ದಿನ ಖರ್ಚಾದರೆ ಹಳೆಯ ಒಂದು ದಿನ ಜಮಾ ಆಯಿತು. ಮೊತ್ತ 90ರಲ್ಲೇ ನಿಂತಿತು. ಮರುದಿನವೂ ಹಾಗೆಯೇ. ಹೀಗೆ 40 ಹಳೆಯ ದಿನಗಳೂ ಒಂದೊಂದಾಗಿ ವಾಪಸು ಬಂದು, ಅಜ್ಜಿ ಸೆಪ್ಟೆಂಬರ್ 8ರವರೆಗೆ ಇರಬಹುದು. ಜೂನ್ 10ಕ್ಕೆ ಇಳಿದರೆ 50 ದಿನ, ಜೂನ್ 11ಕ್ಕೆ ಇಳಿದರೆ 90 ದಿನ. ಒಂದು ದಿನ ಕಾದದ್ದಕ್ಕೆ 40 ದಿನ ಲಾಭ. ಯಾವ ಬ್ಯಾಂಕು ಕೊಡುತ್ತದೆ ಇಂಥ ಬಡ್ಡಿ!

ಕಾರಣ ಏನೆಂದು ಕೇಳುತ್ತೀರಾ? ಮೊದಲ ಸಂದರ್ಭದಲ್ಲಿ ಹಳೆಯ ದಿನಗಳು ವಾಪಸು ಬರಲು ಶುರುವಾಗುವ ಮೊದಲೇ ಖಾತೆ ಬರಿದಾಯಿತು. ಎರಡನೆಯ ಸಂದರ್ಭದಲ್ಲಿ ಖಾತೆ ಬರಿದಾಗುವ ಹೊತ್ತಿಗೆ ಸರಿಯಾಗಿ ಜಮಾ ಬಂದು ಕೈ ಹಿಡಿಯಿತು.

ಆದರೆ ಇಷ್ಟು ಬಿಗಿಯಾಗಿ ಲೆಕ್ಕ ಹಾಕಿ ಟಿಕೆಟ್ ತೆಗೆದುಕೊಳ್ಳಬಾರದು. ಇಳಿದದ್ದು ಅರ್ಧ ಗಂಟೆ ಮೊದಲಾಗಿ ತಾರೀಖು ಹಿಂದಕ್ಕೆ ಬಿದ್ದರೆ, ಹೊರಡುವ ವಿಮಾನ ರದ್ದಾದರೆ ಎಲ್ಲವೂ ತಲೆಕೆಳಗು. ಅಜ್ಜಿ ಜೂನ್ 15ಕ್ಕೆ ಇಳಿದರೆ ಕೊನೆಯ ದಿನ ಸೆಪ್ಟೆಂಬರ್ 12 ಆಗುತ್ತದೆ. ಹೆರಿಗೆಗೆ ಮೊದಲು ಹತ್ತು ದಿನ ಜೊತೆಗೂ ಇದ್ದಂತಾಯಿತು. ಸೆಪ್ಟೆಂಬರ್ 8ಕ್ಕೆ ವಾಪಸು ಟಿಕೆಟ್ ಇಟ್ಟುಕೊಂಡರೆ ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ. ಆಪತ್ತಿಗೆ ಒಂದಿಷ್ಟು ಉಳಿತಾಯ ಇರಲಿ ಎಂದು ಹಿರಿಯರು ಹೇಳುವುದು ದುಡ್ಡಿಗೆ ಮಾತ್ರವಲ್ಲ.

ಇನ್ನೊಂದು ಮಾತು. ಈ ಖಾತೆ ಪಾಸ್‌ಪೋರ್ಟಿಗೆ ಒಂದು. ಗಂಡ ಹೆಂಡತಿಗೆ ಜಂಟಿ ಖಾತೆ ಇಲ್ಲ. ಅದರಿಂದ ಒಂದು ದಾರಿಯೂ ತೆರೆಯುತ್ತದೆ. ಅನೇಕ ಮನೆಗಳಲ್ಲಿ ಬೀಗರು ಬೀಗರು ಮಾತನಾಡಿಕೊಂಡು ಸರದಿ ಹಾಕಿಕೊಳ್ಳುತ್ತಾರೆ. ಹೆರಿಗೆಗೆ ಮತ್ತು ಬಾಣಂತನಕ್ಕೆ ಹುಡುಗಿಯ ತಾಯಿ, ಅವರು ಹೊರಡುವ ವಾರ ಹುಡುಗನ ತಾಯಿ. ಹೀಗೆ ಮಾಡಿದರೆ ಮಗುವಿಗೆ ಮೊದಲ ಆರು ತಿಂಗಳು ಯಾರಾದರೊಬ್ಬ ಅಜ್ಜಿ ಪಕ್ಕದಲ್ಲಿ ಇದ್ದೇ ಇರುತ್ತಾರೆ. ನಾಲ್ಕು ಜನ ಒಟ್ಟಿಗೆ ಹೋಗಿ ಒಟ್ಟಿಗೆ ವಾಪಸಾದರೆ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಆಮೇಲಿನ ಮೂರು ತಿಂಗಳು ಮಗಳು ಒಬ್ಬಳೇ.

ಮಕ್ಕಳಿಗೆ ಒಂದು ಕೆಲಸ

ನಾಲ್ಕು ಗ್ರಾಫ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ. ಒಂದು ಮಿಲಿಮೀಟರಿನ ಪುಟ್ಟ ಮನೆ ಒಂದು ದಿನ. ಕಳೆದ ವರ್ಷದ ಜುಲೈ 1ರಿಂದ ಮುಂದಿನ ವರ್ಷದ ಕೊನೆಯವರೆಗೆ ತಿಂಗಳುಗಳನ್ನು ಗುರುತು ಹಾಕಿ. ಅಜ್ಜಿ ಅಲ್ಲಿ ಇದ್ದ ದಿನಗಳಿಗೆ ಕೆಂಪು ಬಣ್ಣ ಹಚ್ಚಿ. ಹೋಗಬೇಕೆಂದಿರುವ ದಿನಗಳಿಗೆ ಪೆನ್ಸಿಲ್ಲಿನಲ್ಲಿ ಹಸಿರು ಹಚ್ಚಿ. ಈಗ ಒಂದು ರಟ್ಟಿನ ಪಟ್ಟಿಯಲ್ಲಿ ಸರಿಯಾಗಿ 18 ಸೆಂಟಿಮೀಟರ್ ಉದ್ದದ ಕಿಟಕಿ ಕತ್ತರಿಸಿ. ಅದೇ 180 ದಿನ. ಆ ಕಿಟಕಿಯನ್ನು ಹಾಳೆಯ ಮೇಲೆ ಇಟ್ಟು ಬಲಕ್ಕೆ ಒಂದೊಂದೇ ಮನೆ ಜಾರಿಸುತ್ತಾ ಹೋಗಿ. ಕಿಟಕಿಯ ಒಳಗೆ ಕಾಣುವ ಬಣ್ಣದ ಮನೆಗಳು ಎಲ್ಲಾದರೂ 90 ದಾಟಿದವೇ? ದಾಟಿದ್ದರೆ ಹಸಿರನ್ನು ಅಳಿಸಿ ಬಲಕ್ಕೆ ಸರಿಸಿ. ಜೂನ್ 10 ಮತ್ತು ಜೂನ್ 11ರ ಚಮತ್ಕಾರ ನಿಮ್ಮ ಕಣ್ಣಿಗೇ ಕಾಣುತ್ತದೆ.

ಯುರೋಪಿಯನ್ ಕಮಿಷನ್ ತನ್ನ ಜಾಲತಾಣದಲ್ಲಿ ಇದೇ ಲೆಕ್ಕಕ್ಕೆ ಒಂದು ಉಚಿತ ಕ್ಯಾಲ್ಕುಲೇಟರ್ ಇಟ್ಟಿದೆ. ಮೊದಲು ಕೈಯಲ್ಲಿ ಮಾಡಿ, ಆಮೇಲೆ ಅದರಲ್ಲಿ ತಾಳೆ ನೋಡಿ. ಎರಡೂ ಒಂದೇ ಬಂದರೆ ಟಿಕೆಟ್ ಮಾಡಿಸಲು ಅಪ್ಪನಿಗೆ ಹೇಳಬಹುದು.

ಬೇರೆ ದೇಶಗಳ ಕಟ್ಟಳೆ ಬೇರೆ

ಅಮೆರಿಕ: ನಮ್ಮವರಿಗೆ ಸಾಮಾನ್ಯವಾಗಿ 10 ವರ್ಷದ ಪ್ರವಾಸಿ ವೀಸಾ ಸಿಗುತ್ತದೆ. ಆದರೆ ಪ್ರತಿ ಸಲ ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವವರು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಆ ಕೊನೆಯ ತಾರೀಖು ಇರುವುದು 'ಐ-94' ಎಂಬ ದಾಖಲೆಯಲ್ಲಿ. ಅದು ಈಗ ಕಾಗದದ ಬದಲು ಕಂಪ್ಯೂಟರಿನಲ್ಲಿದೆ. ಇಳಿದ ಎರಡು ಮೂರು ದಿನದಲ್ಲಿ ಮಕ್ಕಳಿಂದ ಅದನ್ನು ತೆಗೆಸಿ ನೋಡಿ, ಪ್ರಿಂಟ್ ಇಟ್ಟುಕೊಳ್ಳಿ. ಅಮೆರಿಕದಲ್ಲಿ 180 ದಿನಗಳ ಜಾರುವ ಕಿಟಕಿ ಇಲ್ಲ. ಹಾಗೆಂದು 6 ತಿಂಗಳು ಇದ್ದು, ಒಂದು ತಿಂಗಳು ಮೈಸೂರಿಗೆ ಬಂದು, ಮತ್ತೆ 6 ತಿಂಗಳಿಗೆ ಹೊರಟರೆ 'ಇವರು ಪ್ರವಾಸಿಗಳೋ, ಇಲ್ಲಿಯೇ ವಾಸಿಸುವವರೋ?' ಎಂಬ ಪ್ರಶ್ನೆ ಅಧಿಕಾರಿಗೆ ಬರುವುದು ಸಹಜ. ಅಲ್ಲಿ ಇದ್ದಷ್ಟು ಕಾಲವಾದರೂ ಊರಿನಲ್ಲಿ ಇದ್ದು ಆಮೇಲೆ ಹೋಗುವುದು ಒಳ್ಳೆಯ ರೂಢಿ.

ಬ್ರಿಟನ್: 2, 5, 10 ವರ್ಷಗಳ ಪ್ರವಾಸಿ ವೀಸಾ ಇವೆ. ಒಂದು ಸಲಕ್ಕೆ ಹೆಚ್ಚೆಂದರೆ 6 ತಿಂಗಳು. ಪದೇ ಪದೇ ಬಂದು ಅಲ್ಲೇ ನೆಲೆಸಿದಂತೆ ಇರಲು ಅವಕಾಶವಿಲ್ಲ ಎಂದು ನಿಯಮದಲ್ಲೇ ಇದೆ. ಲಂಡನ್ನಿಗೆ ಹೋದವರು ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಿಯೇ ಬನ್ನಿ.

ಕೆನಡಾ: ಸಾಮಾನ್ಯ ಪ್ರವಾಸಿಗೆ 6 ತಿಂಗಳು. ಆದರೆ ಅಲ್ಲಿ ನೆಲೆಸಿದವರ ತಂದೆ ತಾಯಿ, ಅಜ್ಜ ಅಜ್ಜಿಯರಿಗೆಂದೇ 'ಸೂಪರ್ ವೀಸಾ' ಇದೆ. 2022ರ ಜುಲೈ 4ರಿಂದ ಇದರಲ್ಲಿ ಒಂದು ಸಲಕ್ಕೆ 5 ವರ್ಷದವರೆಗೂ ಇರಬಹುದು. ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆ ಕಡ್ಡಾಯ.

ಆಸ್ಟ್ರೇಲಿಯಾ: ಕೆಲವು ಪ್ರವಾಸಿ ವೀಸಾಗಳ ಮೇಲೆ 8558 ಎಂಬ ಸಂಖ್ಯೆಯ ಷರತ್ತು ಇರುತ್ತದೆ. ಯಾವುದೇ 18 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ ಎಂದು ಅದರ ಅರ್ಥ. ನೋಡಿದಿರಾ, ಇಲ್ಲಿಯೂ ನಮ್ಮ ಜಾರುವ ಕಿಟಕಿಯೇ. ಗ್ರಾಫ್ ಹಾಳೆ ಇಲ್ಲಿಗೂ ಆಗುತ್ತದೆ, ರಟ್ಟಿನ ಕಿಟಕಿ ಮಾತ್ರ ಉದ್ದವಾಗಬೇಕು.

ದಿನ ಮೀರಿದರೆ

'ಎರಡು ದಿನ ಹೆಚ್ಚಾದರೆ ಏನು ಮಹಾ, ವಯಸ್ಸಾದವರನ್ನು ಯಾರು ಕೇಳುತ್ತಾರೆ' ಎನ್ನುವವರಿದ್ದಾರೆ. ಮೊದಲೆಲ್ಲ ಪಾಸ್‌ಪೋರ್ಟಿನ ಮೊಹರುಗಳನ್ನು ಅಧಿಕಾರಿ ಹುಡುಕಿ ಎಣಿಸಬೇಕಿತ್ತು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಮೊಹರಿನ ಬದಲು ಕಂಪ್ಯೂಟರ್ ದಾಖಲೆಯನ್ನು ಹಂತಹಂತವಾಗಿ ತಂದಿವೆ. ಮುಖದ ಚಿತ್ರ, ಬೆರಳಚ್ಚು ತೆಗೆದುಕೊಂಡು, ಒಳಬಂದ ದಿನ, ಹೊರಹೋದ ದಿನ ಎರಡನ್ನೂ ಬರೆದಿಡುತ್ತದೆ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ಮಾತ್ರ ತೆಗೆದುಕೊಳ್ಳುವುದಿಲ್ಲ. ಇನ್ನು ಮುಂದೆ ಎಣಿಸುವುದು ಯಂತ್ರ. ಅದು ಬಿಳಿ ಕೂದಲು ನೋಡಿ ಕನಿಕರಪಡುವುದಿಲ್ಲ.

ದಿನ ಮೀರಿದವರಿಗೆ ದಂಡ ಬೀಳಬಹುದು, ಕೆಲವು ಕಾಲ ಪ್ರವೇಶ ನಿಷೇಧವೂ ಆಗಬಹುದು, ಮುಂದಿನ ವೀಸಾ ಕಷ್ಟವಾಗುತ್ತದೆ. ಅಮೆರಿಕದಲ್ಲಿ ಕೊಟ್ಟ ತಾರೀಖು ಮೀರಿದರೆ ಆ 10 ವರ್ಷದ ವೀಸಾವೇ ಅಸಿಂಧು. 180 ದಿನಕ್ಕಿಂತ ಹೆಚ್ಚು ಮೀರಿ ಉಳಿದು ಹೊರಬಂದರೆ 3 ವರ್ಷ, ಒಂದು ವರ್ಷ ಅಥವಾ ಹೆಚ್ಚು ಮೀರಿದರೆ 10 ವರ್ಷ ಮತ್ತೆ ಹೋಗುವಂತಿಲ್ಲ. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಹತ್ತು ವರ್ಷದಲ್ಲಿ ಮೊಮ್ಮಗು ತೊಟ್ಟಿಲಿನಿಂದ ಇಳಿದು ಐದನೆಯ ಕ್ಲಾಸಿಗೆ ಹೋಗುತ್ತದೆ.

ನಿಜವಾದ ಆಪತ್ತು ಬಂದರೆ? ಕಾಲು ಮುರಿಯಿತು, ಆಸ್ಪತ್ರೆ ಸೇರಿದರು, ವಿಮಾನಗಳೇ ನಿಂತುಹೋದವು ಎನ್ನಿ. ಅದಕ್ಕೆ ನಿಯಮದಲ್ಲೇ ದಾರಿ ಇದೆ. ಷೆಂಗೆನ್ ದೇಶಗಳಲ್ಲಿ ಇಂಥ ಕೈಮೀರಿದ ಕಾರಣಕ್ಕೆ ಅಥವಾ ಮಾನವೀಯ ಕಾರಣಕ್ಕೆ ವೀಸಾ ವಿಸ್ತರಿಸಲು ಕೇಳಬಹುದು. ಅಮೆರಿಕದಲ್ಲಿ 'ಐ-539' ಎಂಬ ಅರ್ಜಿ ಇದೆ. ಎರಡಕ್ಕೂ ಒಂದೇ ಸೂತ್ರ: ಅವಧಿ ಮುಗಿಯುವ ಮೊದಲೇ, ವೈದ್ಯರ ಕಾಗದದ ಜೊತೆ ಕೇಳಬೇಕು. ಮುಗಿದ ಮೇಲೆ ಕೇಳಿದರೆ ಅದು ವಿಸ್ತರಣೆ ಅಲ್ಲ, ಸಮಜಾಯಿಷಿ.

ಲೆಕ್ಕ ಸರಿಯಾಗಿಟ್ಟವರಿಗೆ ಬಹುಮಾನವೂ ಉಂಟು. ಹಿಂದಿನ ಸಾಲ ಸರಿಯಾಗಿ ಕಟ್ಟಿದವರಿಗೆ ಮುಂದಿನ ಸಾಲ ಸುಲಭವಾಗುವುದಿಲ್ಲವೇ, ಹಾಗೆ. 2024ರ ಏಪ್ರಿಲ್ 18ರಂದು ಯುರೋಪಿಯನ್ ಕಮಿಷನ್ ಭಾರತೀಯರಿಗಾಗಿ ಒಂದು ಕ್ರಮ ತಂದಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ 2 ವರ್ಷದ, ಹಲವು ಸಲ ಹೋಗಿಬರುವ ವೀಸಾ ಸಿಗಬಹುದು. ಅದನ್ನೂ ಸರಿಯಾಗಿ ಬಳಸಿದರೆ ಮುಂದಿನದು 5 ವರ್ಷಕ್ಕೆ. ಆದರೆ 5 ವರ್ಷದ ವೀಸಾದಲ್ಲೂ 90 ಮತ್ತು 180ರ ಲೆಕ್ಕ ಹಾಗೆಯೇ ಇರುತ್ತದೆ.

ಟಿಕೆಟ್ ತೆಗೆದುಕೊಳ್ಳುವ ಮೊದಲು

ಪಾಸ್‌ಪೋರ್ಟಿನ ಅವಧಿ ನೋಡಿ. ಷೆಂಗೆನ್ನಿನಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಇರಬೇಕು. ನವೀಕರಣಕ್ಕೆ ಮೈಸೂರಿನವರು ಈಗ ಬೆಂಗಳೂರಿಗೆ ಓಡಬೇಕಾಗಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಂಬ ಯೋಜನೆ ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿ 25ರಂದು, ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತೀರ ತಡವೆಂದರೆ 15 ದಿನ ಮೊದಲು. ಆದರೆ ಕೊನೆಯ 15 ದಿನದವರೆಗೆ ಕಾಯುವವರಿಗೆ ರಕ್ತದೊತ್ತಡ ಏರುವುದು ಖಂಡಿತ. ವಯಸ್ಕರಿಗೆ ವೀಸಾ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು.

ಪಿಂಚಣಿದಾರರು ನವೆಂಬರ್ ತಿಂಗಳನ್ನು ಮರೆಯಬೇಡಿ. ಜೀವಂತ ಪ್ರಮಾಣಪತ್ರ ಕೊಡುವ ತಿಂಗಳು ಅದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡುವ ವ್ಯವಸ್ಥೆ ಬಂದಿದೆ. ಆ ತಿಂಗಳು ಊರಿನಲ್ಲಿ ಇರುವುದಿಲ್ಲವಾದರೆ ನಿಮ್ಮ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡಿ.

ಕೌಂಟರಿನಲ್ಲಿ ಅಧಿಕಾರಿ 'ಯಾಕೆ ಬಂದಿರಿ?' ಎಂದರೆ ನಿಜ ಹೇಳಿ. 'ಮಗಳನ್ನೂ ಮೊಮ್ಮಗುವನ್ನೂ ನೋಡಲು ಬಂದೆ, ಇಂಥ ದಿನ ವಾಪಸು ಹೋಗುತ್ತೇನೆ, ಇಗೋ ಟಿಕೆಟ್'. ಇಷ್ಟು ಸಾಕು. ಇಂಗ್ಲಿಷ್ ಬಾರದಿದ್ದರೆ ಮೊಮ್ಮಕ್ಕಳಿಂದ ಒಂದು ಚೀಟಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು, ವರ್ಷದ ಆರಂಭದಲ್ಲಿ ಮನೆಯವರೆಲ್ಲ ಒಮ್ಮೆ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವರ್ಷ ನಾವು ಅಲ್ಲಿ ಇರಲೇಬೇಕಾದ ದಿನಗಳು ಯಾವುವು? ಹೆರಿಗೆಯೇ, ಆಪರೇಷನ್ನೇ, ಮಗು ಮೊದಲ ಸಲ ಶಾಲೆಗೆ ಹೋಗುವ ದಿನವೇ? ಆ ದಿನಗಳನ್ನು ಮೊದಲು ಗುರುತು ಹಾಕಿ, ಅದಕ್ಕೆ ಬೇಕಾದಷ್ಟನ್ನು ಖಾತೆಯಲ್ಲಿ ಎತ್ತಿಡಿ. ಮಿಕ್ಕಿದ್ದರಲ್ಲಿ ಸ್ವಿಟ್ಜರ್ಲೆಂಡಿನ ಹಿಮವನ್ನೂ ನೋಡಿ, ಪ್ಯಾರಿಸ್ಸಿನ ಗೋಪುರವನ್ನೂ ನೋಡಿ.

ನೀವೇ ಬಿಡಿಸಿ

ಮಕ್ಕಳೇ, ಇದು ನಿಮಗೆ. ಒಬ್ಬ ತಾತ ಇದುವರೆಗೆ ಯುರೋಪಿಗೆ ಹೋಗಿಲ್ಲ. ಮೇ 1ರಂದು ಪ್ಯಾರಿಸ್‌ನಲ್ಲಿ ಇಳಿದು ಪೂರ್ತಿ 90 ದಿನ ಇದ್ದು ಬರುತ್ತಾರೆ. (1) ಅವರು ಹೊರಡಬೇಕಾದ ಕೊನೆಯ ದಿನ ಯಾವುದು? (2) ಅವರು ಮತ್ತೆ ಷೆಂಗೆನ್ ದೇಶಕ್ಕೆ ಕಾಲಿಡಬಹುದಾದ ಮೊದಲ ದಿನ ಯಾವುದು? ಉತ್ತರ ನೋಡುವ ಮೊದಲು ಗ್ರಾಫ್ ಹಾಳೆಯ ಮೇಲೆ ಕಿಟಕಿ ಜಾರಿಸಿ ನೋಡಿ.

ಉತ್ತರ: (1) ಜುಲೈ 29. ಮೇ 31, ಜೂನ್ 30, ಜುಲೈ 29, ಒಟ್ಟು 90. (2) ಅಕ್ಟೋಬರ್ 28. ಅಂದಿನಿಂದ ಹಿಂದಕ್ಕೆ 180 ದಿನ ಎಣಿಸಿದರೆ ಮೇ 2ಕ್ಕೆ ನಿಲ್ಲುತ್ತದೆ. ಹಳೆಯ 89, ಹೊಸದು 1, ಸೇರಿ 90. ಅಕ್ಟೋಬರ್ 27ಕ್ಕೆ ಇಳಿದರೆ 91 ಆಗುತ್ತದೆ, ತಾತ ಹೊಸ್ತಿಲಲ್ಲೇ ನಿಲ್ಲಬೇಕಾಗುತ್ತದೆ.